ಬೆಟ್ಟ ಇಳಿಯುವ ಕಾಲಿಗೆ

ಕೇಳುಗರಿಗೆ ನಮಸ್ಕಾರ.

ಮಳೆ ಹಿಂದೆ ಸರಿದಿದೆ. ಘಟ್ಟದ ಹುಲ್ಲು ಇನ್ನೂ ಹಸಿರಾಗಿಯೇ ಇದೆ. ಪ್ರತಿವರ್ಷ ಈ ಹೊತ್ತಿಗೆ ಸರಿಯಾಗಿ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಮೇಡಂ, ಕುಮಾರ ಪರ್ವತಕ್ಕೆ ಹೋಗಬೇಕು ಅಂತಿದ್ದೇವೆ. ಹತ್ತೋದು ಎಷ್ಟು ಕಷ್ಟ? ಎಷ್ಟು ಗಂಟೆ ಬೇಕು?" ಎಲ್ಲರೂ ಕೇಳುವುದು ಹತ್ತುವುದನ್ನೇ. ಇಳಿಯುವುದು ಹೇಗೆ ಅಂತ ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಅದಕ್ಕೇ ಇವತ್ತು ಇಳಿಯುವುದರ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಕುಮಾರ ಪರ್ವತದ ತುದಿ ಸಮುದ್ರ ಮಟ್ಟದಿಂದ 1712 ಮೀಟರ್ ಎತ್ತರ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಅದರ ಬುಡದಲ್ಲಿ. ತುದಿಯಿಂದ ಕುಕ್ಕೆಗೆ ಬರುವಾಗ ನಿಮ್ಮ ಕಾಲು ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಕೆಳಗಿಳಿಯುತ್ತದೆ. ಮೊದಲು ಬಂಡೆ, ಆಮೇಲೆ ಶೇಷ ಪರ್ವತದ ಏಣು, ಕಲ್ಲು ಮಂಟಪ, ನೆರಳೇ ಇಲ್ಲದ ಹುಲ್ಲುಗಾವಲು, ಗಿರಿಗದ್ದೆ ಎಂಬ ಜಾಗ. ಕೊನೆಯಲ್ಲಿ ಬೇರು ಮತ್ತು ಕಲ್ಲುಗಳೇ ತುಂಬಿದ ದಟ್ಟ ಕಾಡು. ಅತಿ ದಣಿದ ಕಾಲಿಗೆ ಅತಿ ಒರಟು ದಾರಿ ಸಿಗುವುದು ಈ ಕೊನೆಯಲ್ಲೇ. ಸೋಮವಾರಪೇಟೆ ಕಡೆಯಿಂದ ಹತ್ತಿ ಕುಕ್ಕೆಗೆ ಇಳಿಯುವವರು "ನಮ್ಮದು ಸುಲಭದ ದಾರಿ" ಅನ್ನುತ್ತಾರೆ. ಹತ್ತುವುದು ಸುಲಭ, ನಿಜ. ಆದರೆ ಇಳಿಯುವ ಪಾಲಿನಲ್ಲಿ ಅವರಿಗೆ ಏನೂ ಕಡಿಮೆಯಾಗುವುದಿಲ್ಲ.

ಹತ್ತುವಾಗ ಏದುಸಿರು ಬರುತ್ತದೆ. ಎರಡು ನಿಮಿಷ ನಿಂತರೆ ಸರಿಯಾಗುತ್ತದೆ. ಇಳಿಯುವಾಗ ಉಸಿರಿಗೆ ಕಷ್ಟವಿಲ್ಲ, ಹಾಗಾಗಿ ದೇಹಕ್ಕೆ ಕಷ್ಟವೇ ಇಲ್ಲ ಅಂತ ನಂಬಿಬಿಡುತ್ತೇವೆ. ಬಾವಿಯಿಂದ ಕೊಡ ಸೇದುವುದು ಒಂದು ಕೆಲಸ. ತುಂಬಿದ ಕೊಡವನ್ನು ಹಗ್ಗ ಜಾರದಂತೆ ಹಿಡಿದು ಮೆಲ್ಲಗೆ ಕೆಳಗೆ ಬಿಡುವುದು ಇನ್ನೊಂದು ಕೆಲಸ. ಅಂಗೈ ಸುಲಿಯುವುದು ಈ ಎರಡನೆಯದರಲ್ಲೇ, ಅಲ್ವಾ? ತೊಡೆಯ ಮುಂಭಾಗದ ಸ್ನಾಯುವಿನ ಕಥೆಯೂ ಇದೇ. ಹತ್ತುವಾಗ ಅದು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಾ, ಹಿಗ್ಗುತ್ತಲೇ ಇಡೀ ಮೈಭಾರವನ್ನು ಬಿಗಿಹಿಡಿಯಬೇಕು. ಅದರ ನೋವು ಅಂದು ಗೊತ್ತಾಗುವುದಿಲ್ಲ. ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯಲು ಹೋದಾಗ ಗೊತ್ತಾಗುತ್ತದೆ.

ಈ ಸ್ನಾಯುವಿಗೆ ಮುಂಚೆಯೇ ಅಭ್ಯಾಸ ಮಾಡಿಸಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನಾನು ಹೇಳುವುದು ಇಷ್ಟೇ. ಲಿಫ್ಟಿನಲ್ಲಿ ಮೇಲೆ ಹೋಗಿ, ಮೆಟ್ಟಿಲಲ್ಲಿ ಇಳಿದು ಬನ್ನಿ. ಮೂರು ವಾರ ಮುಂಚಿನಿಂದ, ವಾರಕ್ಕೆ ಎರಡು ಮೂರು ಸಲ ಮಾಡಿ. ಮೈಸೂರಿನವರಿಗಂತೂ ಚಾಮುಂಡಿ ಬೆಟ್ಟದ ಮೆಟ್ಟಿಲುಗಳೇ ಇವೆ. ಬಸ್ಸಿನಲ್ಲಿ ಹೋಗಿ ತಾಯಿಯ ದರ್ಶನ ಮಾಡಿ, ನಡೆದುಕೊಂಡು ಇಳಿಯಿರಿ. ಓಡಬೇಡಿ. ಮೊದಲ ಸಲ ತೊಡೆ ನೋಯುತ್ತದೆ. ಮುಂದಿನ ಸಲ ಅಷ್ಟು ನೋಯುವುದಿಲ್ಲ. ದೇಹ ಇದನ್ನು ಬಹಳ ಬೇಗ ಕಲಿಯುತ್ತದೆ.

ಈಗ ಶೂ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನು ಇದರಿಂದ ಪೆಟ್ಟು ತಿಂದವಳು. ಮೊದಲ ಸಲ ಕುಮಾರ ಪರ್ವತಕ್ಕೆ ಹೋದಾಗ ನನ್ನ ಕಾಲಿಗೆ ಸರಿಯಾಗಿ ಕೂರುವ ಹೊಸ ಶೂ ಹಾಕಿದ್ದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯಲು ಶುರು ಮಾಡಿದ ಮೇಲೆ ಒಂದೊಂದು ಹೆಜ್ಜೆಗೂ ಹೆಬ್ಬೆರಳು ಹೋಗಿ ಶೂವಿನ ತುದಿಗೆ ಗುದ್ದುತ್ತಿತ್ತು. ಸಾವಿರಾರು ಸಲ ಗುದ್ದಿತು. ಕುಕ್ಕೆಗೆ ಬಂದು ಬಿಚ್ಚಿ ನೋಡಿದರೆ ಎರಡೂ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಕೆಲವು ವಾರಗಳಲ್ಲಿ ಎರಡೂ ಬಿದ್ದುಹೋದವು. ಹೊಸ ಉಗುರು ಪೂರ್ತಿ ಬರುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು.

ಅದಕ್ಕೇ ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಬೆಳಗ್ಗೆಗಿಂತ ಸ್ವಲ್ಪ ಊದಿರುತ್ತದೆ. ಬೆಟ್ಟದಲ್ಲೂ ಹಾಗೇ ಊದುತ್ತದೆ. ಚಾರಣಕ್ಕೆ ಹಾಕುವ ದಪ್ಪ ಕಾಲುಚೀಲ ಮನೆಯಿಂದಲೇ ತೆಗೆದುಕೊಂಡು ಹೋಗಿ, ಅದನ್ನು ಹಾಕಿಕೊಂಡೇ ಶೂ ನೋಡಿ. ಆಮೇಲೆ ಅಂಗಡಿಯಲ್ಲಿ ಇಳಿಜಾರಾದ ಯಾವುದಾದರೂ ಜಾಗ ಹುಡುಕಿ. ಗಾಡಿ ಹತ್ತಿಸುವ ಇಳಿಜಾರು ಬಾಗಿಲ ಹತ್ತಿರ ಇರುತ್ತದಲ್ಲ, ಅದಾದರೂ ಆದೀತು. ಅದರ ಮೇಲೆ ಕೆಳಮುಖವಾಗಿ ನಿಂತು ಎರಡು ಸಲ ಕಾಲು ಕುಟ್ಟಿ. ಹೆಬ್ಬೆರಳು ಮುಂದೆ ತಾಗಿದರೆ ಆ ಶೂ ಬೇಡ. ಅರ್ಧ ಸೈಜ್, ಬೇಕಾದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಹೊರಡುವ ಎರಡು ದಿನ ಮುಂಚೆ ಕಾಲಿನ ಉಗುರು ಕತ್ತರಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಟ್ಟದ ಮೇಲೆ ಐದಾರು ವರ್ಷ ಸುಮ್ನೆ ಇಟ್ಟ ಒಳ್ಳೆಯ ಶೂ ಒಳ್ಳೆಯದಾಗಿಯೇ ಉಳಿದಿರುತ್ತದೆ ಅಂತ ಹೇಳಲಾಗದು. ಎಷ್ಟೋ ಶೂಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಎಂಬ ನೊರೆಯಂಥ ವಸ್ತು ಇರುತ್ತದೆ. ಗಾಳಿಯಲ್ಲಿರುವ ತೇವ ಅದನ್ನು ಒಳಗೊಳಗೇ ತಿನ್ನುತ್ತದೆ. ನಮ್ಮ ಕರಾವಳಿಯ ಹವೆಯಲ್ಲಂತೂ ಕೇಳುವುದೇ ಬೇಡ. ಮೇಲ್ನೋಟಕ್ಕೆ ಹೊಸದರಂತೆ ಕಾಣುವ ಶೂ ನಡೆಯಲು ಶುರುಮಾಡಿದಾಗ ರೊಟ್ಟಿಯ ಹಾಗೆ ಪುಡಿಯಾಗುತ್ತದೆ. ನನ್ನ ಗೆಳತಿಯೊಬ್ಬಳ ಅಟ್ಟೆ ಕಲ್ಲು ಮಂಟಪದ ಹತ್ತಿರ ಪೂರ್ತಿ ಕಳಚಿ ಬಂತು. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ನನ್ನ ಬ್ಯಾಗಿನಲ್ಲಿತ್ತು. ಅದರಲ್ಲಿ ಕಟ್ಟಿ ಕಟ್ಟಿ ಅವಳನ್ನು ಕೆಳಗೆ ಕರೆತಂದೆವು. ಹಳೆಯ ಶೂ ಇದ್ದರೆ ಒಂದು ವಾರ ಮುಂಚೆ ಹಾಕಿಕೊಂಡು ಊರಲ್ಲೇ ನಾಲ್ಕೈದು ಕಿಲೋಮೀಟರ್ ನಡೆಯಿರಿ. ಅಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ, ಬಗ್ಗಿಸಿ ನೋಡಿ. ಬಿರುಕು ಕಂಡರೆ ಬೆಟ್ಟಕ್ಕೆ ಬೇಡ. ಎರಡು ಮೀಟರ್ ಗಟ್ಟಿ ಹಗ್ಗವಂತೂ ಬ್ಯಾಗಿನಲ್ಲಿ ಇರಲಿ.

ತುದಿಯಲ್ಲಿ ಫೋಟೋ ತೆಗೆದಾಯಿತು, ಇನ್ನು ಇಳಿಯಬೇಕು. ಎದ್ದು ಹೊರಡುವ ಮೊದಲು ಲೇಸ್ ಬಿಚ್ಚಿ ಮತ್ತೆ ಕಟ್ಟಿ. ಬೆರಳುಗಳ ಕಡೆ ಸಡಿಲವಾಗಿರಲಿ, ಕಣಕಾಲಿನ ಹತ್ತಿರ ಬಿಗಿಯಾಗಿರಲಿ. ಹಿಮ್ಮಡಿ ಶೂವಿನ ಹಿಂಭಾಗಕ್ಕೆ ಅಂಟಿಕೊಂಡಿದ್ದರೆ ಪಾದ ಮುಂದೆ ಜಾರುವುದಿಲ್ಲ. ಅದಕ್ಕೊಂದು ಉಪಾಯವಿದೆ, ಸ್ವಲ್ಪ ಗಮನವಿಟ್ಟು ಕೇಳಿ. ಶೂವಿನ ಎಲ್ಲಕ್ಕಿಂತ ಮೇಲಿನ ತೂತು ಮೊದಲು ಖಾಲಿ ಇರಲಿ. ಆಮೇಲೆ ಲೇಸನ್ನು ಎದುರು ಬದಿಗೆ ಒಯ್ಯದೆ, ಅದೇ ಬದಿಯ ಆ ತೂತಿಗೆ ಹಾಕಿ. ಪೂರ್ತಿ ಎಳೆಯದೆ ಒಂದು ಸಣ್ಣ ಕುಣಿಕೆ ಬಿಡಿ. ಎರಡೂ ಬದಿಗೆ ಹೀಗೇ ಮಾಡಿ. ಈಗ ಬಲಗಡೆಯ ಲೇಸನ್ನು ಎಡಗಡೆಯ ಕುಣಿಕೆಯೊಳಗೆ, ಎಡಗಡೆಯದನ್ನು ಬಲಗಡೆಯ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ಕೈಗೆ ರೂಢಿಯಾಗುತ್ತದೆ.

ಹೆಜ್ಜೆ ಇಡುವುದನ್ನು ನನಗೆ ಕಲಿಸಿದವರು ಕಾಡಿನಂಚಿನ ಒಬ್ಬ ಹಿರಿಯರು. ತಲೆಯ ಮೇಲೆ ಸೊಪ್ಪಿನ ಹೊರೆ, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಧಡಧಡ ಇಳಿಯುವುದನ್ನು ನೋಡಿ ನಿಂತರು. "ಅಕ್ಕ, ಅಷ್ಟುದ್ದ ಕಾಲು ಹಾಕ್ಬೇಡಿ. ಕೋಳಿ ಹೆಜ್ಜೆ ಇಡಿ" ಅಂದರು. ಆ ಒಂದು ಮಾತು ನನ್ನ ಮಂಡಿಯನ್ನು ಉಳಿಸಿದೆ. ಉದ್ದ ಹೆಜ್ಜೆ ಇಟ್ಟರೆ ಕಾಲು ನೇರವಾಗಿ ಚಾಚಿಕೊಳ್ಳುತ್ತದೆ, ಭಾರವೆಲ್ಲ ಒಮ್ಮೆಲೇ ಮಂಡಿಗೆ ಬೀಳುತ್ತದೆ. ಗಿಡ್ಡ ಹೆಜ್ಜೆಯಲ್ಲಿ ಮಂಡಿ ಸ್ವಲ್ಪ ಬಗ್ಗಿಯೇ ಇರುತ್ತದೆ, ಪೆಟ್ಟನ್ನು ತೊಡೆ ತಡೆದುಕೊಳ್ಳುತ್ತದೆ. ಮೊಳಕಾಲುದ್ದದ ಒಂದು ಇಳಿತವನ್ನು ಒಂದೇ ಹೆಜ್ಜೆಯಲ್ಲಿ ದಾಟಬೇಡಿ. ಪಕ್ಕದಲ್ಲಿ ನಡುವಿನ ಒಂದು ಕಲ್ಲೋ ಬೇರೋ ಇದ್ದೇ ಇರುತ್ತದೆ. ಅದರ ಮೇಲೆ ಕಾಲಿಟ್ಟು ಎರಡಾಗಿ ಇಳಿಯಿರಿ. ಬೇರು ಒದ್ದೆಯಾಗಿದ್ದರೆ ಮಾತ್ರ ಅದರ ಮೇಲೆ ಕಾಲಿಡಬೇಡಿ. ಸಿಪ್ಪೆ ಸುಲಿದ ಒದ್ದೆ ಬೇರಿನಷ್ಟು ಜಾರುವಂಥದ್ದು ಕಾಡಿನಲ್ಲಿ ಬೇರೆ ಇಲ್ಲ.

ಬಂಡೆಯ ವಿಷಯ ಬೇರೆ. ಹತ್ತುವಾಗ ಶೇಷ ಪರ್ವತದಾಚೆ ಕಾಡು ದಾಟಿದ ಮೇಲೆ ತುದಿಗೆ ಮೊದಲು ಬಂಡೆ ಸಿಗುತ್ತದೆ. ಸಾವನದುರ್ಗ, ಮಧುಗಿರಿಗಳಲ್ಲಂತೂ ಬಂಡೆಯೇ ಬೆಟ್ಟ. ಇಳಿಯುವಾಗ ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಹಿಂದಕ್ಕೆ ವಾಲಿದಷ್ಟೂ ಪಾದದ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಅಟ್ಟೆಯ ಹಿಡಿತ ತಪ್ಪುತ್ತದೆ, ಕಾಲು ಮುಂದೆ ಹಾರುತ್ತದೆ. ಮನಸ್ಸು ಒಪ್ಪುವುದಿಲ್ಲ, ಆದರೂ ಮಂಡಿ ಬಗ್ಗಿಸಿ ಮೈಭಾರವನ್ನು ಪಾದದ ನೇರಕ್ಕೆ ತನ್ನಿ. ಅಟ್ಟೆ ಪೂರ್ತಿ ಬಂಡೆಗೆ ತಾಗಲಿ. ಬಂಡೆಯ ಮೇಲೆ ನೀರು ಹರಿದ ಕಪ್ಪು ಪಟ್ಟೆಗಳು ಕಾಣುತ್ತವೆ. ಅವು ಪಾಚಿ ಬೆಳೆದ ಜಾಗ. ಒಣಗಿದಾಗ ಪರವಾಗಿಲ್ಲ, ಮಂಜು ಬಿದ್ದ ಬೆಳಗ್ಗೆ ಅಥವಾ ಒಂದು ಹನಿ ಮಳೆ ಬಂದ ಮೇಲೆ ಅದರ ಮೇಲೆ ಕಾಲಿಡಲೇಬೇಡಿ. ತೀರಾ ಕಡಿದಾಗಿದ್ದರೆ ಬಂಡೆಗೆ ಮುಖ ಮಾಡಿ, ಏಣಿ ಇಳಿಯುವ ಹಾಗೆ ಇಳಿಯಿರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ?

ಕೋಲು ಖಂಡಿತ ಬೇಕು. ಅಂಗಡಿಯ ಉದ್ದ ಹೊಂದಿಸುವ ಕೋಲಾದರೆ, ಸಮ ನೆಲದಲ್ಲಿ ಮೊಣಕೈ ಲಂಬಕೋನದಲ್ಲಿ ಇರುವಷ್ಟು ಉದ್ದ ಇಡಿ. ಇಳಿಯುವಾಗ ಇನ್ನು ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿ. ಕೋಲನ್ನು ಕಾಲಿಗಿಂತ ಮೊದಲು ಊರಬೇಕು. ಬಿದಿರಿನ ಕೋಲಾದರೂ ಚೆನ್ನಾಗಿಯೇ ಇರುತ್ತದೆ, ಆದರೆ ಹಸಿ ಗಿಡ ಕಡಿಯಬೇಡಿ.

ಬ್ಯಾಗಿನ ಹೊರಗೆ ಏನನ್ನೂ ನೇತುಹಾಕಬೇಡಿ. ಹೊರಗೆ ತೂಗಾಡುವ ಒಂದು ಲೀಟರ್ ಬಾಟಲಿ ಸಾಕು, ಬೇಡದ ಹೊತ್ತಲ್ಲಿ ನಿಮ್ಮನ್ನು ಪಕ್ಕಕ್ಕೆ ಎಳೆಯಲು. ಹತ್ತುವಾಗ ಮೇಲೆ ಇಟ್ಟಿದ್ದ ಭಾರದ ಸಾಮಾನನ್ನು ಇಳಿಯುವಾಗ ಸ್ವಲ್ಪ ಕೆಳಗೆ, ಬೆನ್ನಿಗೆ ಅಂಟುವಂತೆ ಇಡಿ. ಸೊಂಟದ ಪಟ್ಟಿ ಬಿಗಿಯಾಗಿರಲಿ. ಒಳಗಿನ ಬಟ್ಟೆಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿದರೆ ಎಂಥ ಮಳೆಗೂ ಹೆದರಬೇಕಿಲ್ಲ.

ಜಿಗಣೆಯ ಭಯ ಎಷ್ಟೋ ಜನರಿಗೆ. ಅದು ಅಷ್ಟು ಭಯಪಡುವ ಪ್ರಾಣಿಯೇ ಅಲ್ಲ. ಕಚ್ಚಿದರೆ ಉಗುರಿನಿಂದ ಪಕ್ಕಕ್ಕೆ ಮೆಲ್ಲಗೆ ಕೆರೆದು ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿದೆ, ಹಾಗಾಗಿ ರಕ್ತ ತುಂಬಾ ಹೊತ್ತು ಸುರಿಯುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿದರೆ ಸಾಕು. ಜಿಗಣೆ ನೋಡಿ ಓಡಲು ಹೋಗಿ ಕಣಕಾಲು ಉಳುಕಿಸಿಕೊಂಡ ಹುಡುಗನನ್ನು ನಾವು ಹೊತ್ತು ತಂದಿದ್ದೇವೆ.

ನನಗೆ ನಿಜವಾಗಿ ಭಯವಿರುವುದು ಕತ್ತಲೆಯದು. ಡಿಸೆಂಬರಿನಲ್ಲಿ ನಮ್ಮ ಕಡೆ ಆರು ಗಂಟೆ ಕಳೆದು ಸ್ವಲ್ಪದರಲ್ಲೇ ಸೂರ್ಯ ಮುಳುಗುತ್ತಾನೆ. ದಟ್ಟ ಕಾಡಿನೊಳಗೆ ಅದಕ್ಕೂ ಮೊದಲೇ ದಾರಿ ಕಾಣದಾಗುತ್ತದೆ. ಹೊರಡುವ ದಿನ ಬೆಳಗ್ಗೆಯೇ ಒಂದು ಗಂಟೆಯನ್ನು ಎಲ್ಲರೂ ಕೂತು ನಿಶ್ಚಯ ಮಾಡಿ. ಆ ಗಂಟೆಗೆ ಎಲ್ಲಿದ್ದರೂ ತಿರುಗಬೇಕು. ತುದಿ ಕಣ್ಣೆದುರು ಕಾಣುತ್ತಿದ್ದರೂ ತಿರುಗಬೇಕು. ಇಳಿಯಲು ಹತ್ತಿದ್ದರ ಅರ್ಧ ಹೊತ್ತು ಸಾಕು ಅಂತ ಲೆಕ್ಕ ಹಾಕಬೇಡಿ. ದಣಿದ ಗುಂಪಿಗೆ ಹೆಚ್ಚುಕಡಿಮೆ ಹತ್ತಿದಷ್ಟೇ ಹೊತ್ತು ಬೇಕು.

ಟಾರ್ಚ್ ಒಬ್ಬರಿಗೊಂದು ಇರಲಿ, ಹಣೆಗೆ ಕಟ್ಟುವಂಥದ್ದು. ಮೊಬೈಲ್ ಬೆಳಕನ್ನು ನಂಬಿದರೆ ಒಂದು ಕೈ ಹೋಯಿತು, ತುರ್ತಿಗೆ ಬೇಕಾದ ಬ್ಯಾಟರಿಯೂ ಹೋಯಿತು. ಹಣೆಯ ಟಾರ್ಚಿನಲ್ಲಿ ಕಲ್ಲುಗಳ ನೆರಳು ನಮಗೆ ಕಾಣುವುದಿಲ್ಲ, ಹಾಗಾಗಿ ನೆಲವೆಲ್ಲ ಸಪಾಟಾಗಿ ಕಾಣುತ್ತದೆ. ಒರಟು ಜಾಗ ಬಂದಾಗ ಅದನ್ನು ಬಿಚ್ಚಿ ಸೊಂಟದ ಎತ್ತರಕ್ಕೆ ಹಿಡಿಯಿರಿ. ಪ್ರತಿ ಕಲ್ಲಿನ ನೆರಳೂ ಎದ್ದು ಬರುತ್ತದೆ, ಹಳ್ಳ ಯಾವುದು ದಿಬ್ಬ ಯಾವುದು ಗೊತ್ತಾಗುತ್ತದೆ.

ನೀರಿನ ಜೊತೆ ಉಪ್ಪು ಸಕ್ಕರೆಯೂ ಬೇಕು. ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪದಿರಲಿ. ಇಳಿಯುವಾಗ ಬಾಯಾರಿಕೆ ಗೊತ್ತಾಗುವುದಿಲ್ಲ, ಗಂಟೆ ನೋಡಿ ಕುಡಿಯಿರಿ. ಹಿಮ್ಮಡಿಯಲ್ಲೋ ಬೆರಳಲ್ಲೋ ಸಣ್ಣ ಉರಿ ಶುರುವಾದರೆ ಆಗಲೇ ನಿಲ್ಲಿ. "ಗಿರಿಗದ್ದೆಗೆ ಹೋಗಿ ನೋಡೋಣ" ಅನ್ನಬೇಡಿ. ಗಿರಿಗದ್ದೆ ಮುಟ್ಟುವಷ್ಟರಲ್ಲಿ ಅದು ಗುಳ್ಳೆಯಾಗಿರುತ್ತದೆ. ಶೂ ಬಿಚ್ಚಿ, ಬೆವರು ಒರೆಸಿ, ಆ ಜಾಗಕ್ಕೆ ಟೇಪ್ ಅಂಟಿಸಿ, ಒಣ ಕಾಲುಚೀಲ ಹಾಕಿಕೊಳ್ಳಿ. ಗುಂಪಿನಲ್ಲಿ ಒಬ್ಬರು ಹೀಗೆ ಕೂತಾಗ ಉಳಿದವರು ಗೊಣಗದೆ ಕಾಯಬೇಕು. ಮುಂದೆ ಹೋಗುವವರ ವೇಗವನ್ನು ಹಿಂದಿರುವವರೇ ತೀರ್ಮಾನಿಸಲಿ.

ಕುಕ್ಕೆಗೆ ಬಂದ ಮೇಲೆ ಕುಮಾರಧಾರೆಯಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತುಕೊಳ್ಳಿ. ಉಗುರುಗಳನ್ನು ಒಮ್ಮೆ ನೋಡಿಕೊಳ್ಳಿ. ಮನೆಗೆ ಹೋದ ಕೂಡಲೇ ಶೂವನ್ನು ಚೀಲದಿಂದ ಹೊರಗೆ ತೆಗೆಯಿರಿ. ಮಣ್ಣು ತೊಳೆದು, ಒಳಗೆ ಹಳೆ ಪೇಪರ್ ತುರುಕಿ, ನೆರಳಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಬೇಡ, ಒಲೆಯ ಪಕ್ಕವೂ ಬೇಡ, ಅಂಟು ಬಿಡುತ್ತದೆ. ಮಲಗುವ ಮುಂಚೆ ಒದ್ದೆಯಾದ ಪೇಪರ್ ತೆಗೆದು ಬೇರೆ ಹಾಕಿ.

ನಮಸ್ಕಾರ.