ಸ್ಟೇಡಿಯಂ: ಮೊದಲು ಅಳತೆ, ಆಮೇಲೆ ಅಂಗಳ

ಕೇಳುಗರೆಲ್ಲರಿಗೂ ನಮಸ್ಕಾರ.

ಸರ್ಕಾರಿ ಫಲಕದ ಮೇಲೆ ‘ಕ್ರೀಡಾಂಗಣ’ ಎಂದಿದ್ದರೂ ಆಟೋ ಹತ್ತಿದವರು ಹೇಳುವುದು ‘ಕಂಠೀರವ ಸ್ಟೇಡಿಯಂ’ ಎಂದೇ. ಅಷ್ಟರಮಟ್ಟಿಗೆ ನಮ್ಮದಾಗಿರುವ ಈ ಪದ ಹುಟ್ಟಿದಾಗ ಅದಕ್ಕೆ ಗೋಡೆಯೂ ಇರಲಿಲ್ಲ, ಗ್ಯಾಲರಿಯೂ ಇರಲಿಲ್ಲ. ನಮ್ಮ ಗಾವುದ, ಹರದಾರಿಗಳಂತೆ ಅದೊಂದು ದೂರದ ಲೆಕ್ಕ.

ಪ್ರಾಚೀನ ಗ್ರೀಸಿನಲ್ಲಿ ‘ಸ್ಟಾಡಿಯೊನ್’ ಎಂದರೆ 600 ಅಡಿ. ಅಷ್ಟು ದೂರ ಓಡುವ ಪಂದ್ಯಕ್ಕೂ ಅದೇ ಹೆಸರಾಯಿತು. ಓಡುವ ನೆಲಕ್ಕೂ, ಜನ ಕುಳಿತು ನೋಡುವ ದಿಬ್ಬಕ್ಕೂ ಕ್ರಮೇಣ ಅದೇ ಅಂಟಿಕೊಂಡಿತು. ಲ್ಯಾಟಿನ್ನಿನಲ್ಲಿ ಸ್ಟೇಡಿಯಂ ಆಗಿ, ಇಂಗ್ಲಿಷಿನ ಕೈಹಿಡಿದು ನಮ್ಮಲ್ಲಿಗೆ ಬಂದಿತು. ಕ್ರಿ.ಪೂ. 776ರ ಒಲಿಂಪಿಕ್ಸ್‌ನಲ್ಲಿ ಈ ಓಟ ಗೆದ್ದವನು ಎಲಿಸ್ ನಾಡಿನ ಕೊರೊಯ್ಬೋಸ್. ವೃತ್ತಿಯಲ್ಲಿ ಅಡುಗೆಯವನಂತೆ! ಮುಂದೆ ಅರ್ಧ ಶತಮಾನದವರೆಗೆ ಅಲ್ಲಿ ಇದೊಂದೇ ಪಂದ್ಯವಿತ್ತೆಂದು ಹಳೆಯ ಗ್ರೀಕ್ ಬರಹಗಾರರು ಹೇಳುತ್ತಾರೆ.

600 ಅಡಿ ಸರಿ, ಯಾರ ಅಡಿ? ತಮಾಷೆ ಇರುವುದೇ ಇಲ್ಲಿ. ಆ ಪಂದ್ಯಗಳು ನಡೆಯುತ್ತಿದ್ದ ಒಲಿಂಪಿಯದಲ್ಲಿ ವೀರ ಹೆರಾಕ್ಲಿಸ್ ತನ್ನ ಪಾದದಿಂದಲೇ ಅಳೆದನೆಂದು ಕಥೆ. ಅಲ್ಲಿನ ಓಟದ ಹಾದಿ ಸುಮಾರು 192 ಮೀಟರ್. ಡೆಲ್ಫಿಯಲ್ಲಿ ಅದು 178 ಮೀಟರಿನ ಆಸುಪಾಸು. ಊರಿಗೊಂದು ಅಡಿ, ಊರಿಗೊಂದು ಸ್ಟಾಡಿಯೊನ್. ಹೀಗಿರುವಾಗ ದಾಖಲೆ ಮುರಿಯುವ ಮಾತೆಲ್ಲಿ? ಪಕ್ಕದಲ್ಲಿ ಓಡುತ್ತಿದ್ದವನನ್ನು ಹಿಂದಿಕ್ಕಿದರೆ ಸಾಕಿತ್ತು. ಸೆಕೆಂಡಿನ ನೂರರಲ್ಲೊಂದು ಪಾಲಿಗೆ ತಲೆ ಕೆಡಿಸಿಕೊಳ್ಳುವ ನಮಗಿಂತ ಅವರೇ ಹಾಯಾಗಿದ್ದರೇನೋ.

ಒಲಿಂಪಿಯದ ಆ ನೆಲ ಇಂದಿಗೂ ಇದೆ. ಹೊರಡುವ ಗೆರೆಯಲ್ಲಿ ಕಲ್ಲಿನ ಪಟ್ಟಿ, ಅದರ ಮೇಲೆ ಉದ್ದಕ್ಕೂ ಕೊರೆದ ಎರಡು ಸಾಲು ತೋಡು. ಓಟಗಾರರು ಬರಿಗಾಲಿನ ಬೆರಳುಗಳನ್ನು ಅದರಲ್ಲಿ ಊರಿ ನಿಲ್ಲುತ್ತಿದ್ದರು. ಕಲ್ಲಿನ ಆಸನವಿದ್ದದ್ದು ತೀರ್ಪುಗಾರರಂಥ ಕೆಲವರಿಗೆ ಮಾತ್ರ. ಮಿಕ್ಕ ಸಾವಿರಾರು ಜನರಿಗೆ ಮಣ್ಣಿನ ಇಳಿಜಾರೇ ಗತಿ.

ಇನ್ನು ಕ್ರೀಡಾಂಗಣಕ್ಕೆ ಹೇಳುವ ಮತ್ತೊಂದು ಪದ ‘ಅರೆನಾ’. ಲ್ಯಾಟಿನ್ನಿನಲ್ಲಿ ಇದರ ಅರ್ಥ ಮರಳು, ಅಷ್ಟೇ. ರೋಮಿನ ಕಾಳಗದ ಕಣಗಳಲ್ಲಿ ರಕ್ತ ಹೀರಲೆಂದು ಹರಡುತ್ತಿದ್ದ ಮರಳು ಕಣಕ್ಕೇ ಹೆಸರಾಯಿತು. ಓಟದ ಅಳತೆಯಿಂದ ಬಂದ ಪದವೇ ನನಗೆ ಹೆಚ್ಚು ಇಷ್ಟ.

ಹಾಗೆಂದು ಗ್ರೀಕರ ಅಂಗಳ ಪರಿಶುದ್ಧವಾಗಿತ್ತೆಂದು ತಿಳಿಯಬೇಡಿ. ಒಲಿಂಪಿಯದಲ್ಲಿ ಲಂಚ ಕೊಟ್ಟು ಗೆದ್ದವರಿಂದ ದಂಡ ವಸೂಲಿ ಮಾಡಿ, ಆ ಹಣದಲ್ಲಿ ಜ್ಯೂಸ್ ದೇವರ ಕಂಚಿನ ವಿಗ್ರಹಗಳನ್ನು ಮಾಡಿಸಿ, ಸ್ಟೇಡಿಯಂಗೆ ಹೋಗುವ ದಾರಿಯ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಗುಂಡು ಎಸೆತವನ್ನು ಇದೇ ಹಳೆಯ ಅಂಗಳದಲ್ಲಿ ನಡೆಸಿದರು. ಹಿಂದೆ ವಿವಾಹಿತ ಮಹಿಳೆಯರು ಪಂದ್ಯ ನೋಡುವುದಕ್ಕೂ ನಿಷೇಧವಿದ್ದ ನೆಲದಲ್ಲಿ ಮಹಿಳೆಯರೇ ಸ್ಪರ್ಧಿಸಿದರು. ಮೊದಲು ಬಂದವರು ಉದ್ದೀಪನ ಮದ್ದು ಸೇವಿಸಿದ್ದು ಪತ್ತೆಯಾಗಿ, ಚಿನ್ನ ಕ್ಯೂಬಾದ ಯುಮಿಲೈದಿ ಕುಂಬಾ ಅವರ ಪಾಲಾಯಿತು. ದಂಡದ ವಿಗ್ರಹಗಳು ಆ ವೇಳೆಗೆ ಉಳಿದಿರಲಿಲ್ಲ. ಅವುಗಳ ಪೀಠಗಳು ಮಾತ್ರ ದಾರಿಯ ಬದಿಯಲ್ಲಿ ಸಾಲಾಗಿ ಇದ್ದವು.

ನಮಸ್ಕಾರ.