ಓಟಕ್ಕೆ ಬಲ ಬೇಡ, ತಿರುವಿಗೆ ಬಲ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಾ ಕೇಳುತ್ತಿರುವವರು, ಪೀಣ್ಯದ ವರ್ಕ್‌ಶಾಪಿನಲ್ಲಿ ಲೇತ್ ಪಕ್ಕ ರೇಡಿಯೊ ಇಟ್ಟುಕೊಂಡವರು, ಪರೀಕ್ಷೆಗೆ ಓದುತ್ತಿರುವ ಮಕ್ಕಳು, ಎಲ್ಲರಿಗೂ ಒಂದೇ ಪ್ರಶ್ನೆ. ಮರದಿಂದ ಕಳಚಿದ ತೆಂಗಿನಕಾಯಿ ಕೆಳಗೆ ಬೀಳುತ್ತದೆ. ಚಂದ್ರ ಯಾಕೆ ಬೀಳುವುದಿಲ್ಲ?

ಉತ್ತರ ಇಷ್ಟೇ: ಚಂದ್ರನೂ ಬೀಳುತ್ತಿದ್ದಾನೆ. ಈ ಕ್ಷಣವೂ ಬೀಳುತ್ತಿದ್ದಾನೆ. ನಮ್ಮ ಭೂಮಿ ಸೂರ್ಯನ ಕಡೆಗೆ ಬೀಳುತ್ತಿದೆ. ಸೌರಮಂಡಲ ಅಂದರೆ ಎಡೆಬಿಡದೆ ಬೀಳುತ್ತಲೇ ಇರುವ ಕಾಯಗಳ ಒಂದು ಸಂಸಾರ. ಇದನ್ನು ಅರ್ಥ ಮಾಡಿಕೊಳ್ಳಲು ಒಂದೇ ಮಾತು ನೆನಪಿಟ್ಟುಕೊಂಡರೆ ಸಾಕು. ಓಟಕ್ಕೆ ಬಲ ಬೇಡ, ತಿರುವಿಗೆ ಬಲ ಬೇಕು. ಮಕ್ಕಳೇ, ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಓಟಕ್ಕೆ ಬಲ ಬೇಡ ಅಂದರೆ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಸೈಕಲ್ ತುಳಿಯುವುದು ಬಿಟ್ಟರೆ ಸೈಕಲ್ ನಿಲ್ಲುತ್ತದಲ್ಲ ಅನ್ನುತ್ತಾರೆ. ಹೌದು, ನಿಲ್ಲುತ್ತದೆ. ಆದರೆ ತಳ್ಳುವ ಬಲ ಮುಗಿಯಿತು ಅಂತ ನಿಲ್ಲುವುದಲ್ಲ, ರಸ್ತೆ ಮತ್ತು ಗಾಳಿ ಸೇರಿ ಅದನ್ನು ಹಿಡಿದು ನಿಲ್ಲಿಸುತ್ತವೆ. ಕೇರಂ ಬೋರ್ಡ್ ನೆನಪಿಸಿಕೊಳ್ಳಿ. ಪೌಡರ್ ಇಲ್ಲದ ಬೋರ್ಡಿನಲ್ಲಿ ಸ್ಟ್ರೈಕರ್ ಹೊಡೆದರೆ ಅರ್ಧದಲ್ಲೇ ಸುಸ್ತಾಗುತ್ತದೆ. ಬೋರಿಕ್ ಪೌಡರ್ ಉದುರಿಸಿ ಅದೇ ಜೋರಿನಲ್ಲಿ ಹೊಡೆಯಿರಿ, ಆ ಕಡೆಯ ಅಂಚಿಗೆ ಬಡಿದು ವಾಪಸ್ ಬರುತ್ತದೆ. ಹೊಡೆತ ಬದಲಾಗಲಿಲ್ಲ, ಘರ್ಷಣೆ ಕಡಿಮೆಯಾಯಿತು. ಘರ್ಷಣೆ ಪೂರ್ತಿ ಇಲ್ಲದ, ಅಂಚೇ ಇಲ್ಲದ ಬೋರ್ಡ್ ಇದ್ದರೆ? ಸ್ಟ್ರೈಕರ್ ನಿಲ್ಲುವುದೇ ಇಲ್ಲ. ಅದೇ ವೇಗದಲ್ಲಿ, ನೆಟ್ಟಗೆ, ಹೋಗುತ್ತಲೇ ಇರುತ್ತದೆ. ನ್ಯೂಟನ್ನನ ಮೊದಲ ನಿಯಮ ಹೇಳುವುದು ಇದನ್ನೇ. ಬಾಹ್ಯಾಕಾಶ ಅಂಥ ಬೋರ್ಡು. ಗ್ರಹಗಳನ್ನು ಹಿಂದಿನಿಂದ ಯಾರೂ ತಳ್ಳುತ್ತಿಲ್ಲ, ತಳ್ಳಬೇಕಾಗಿಯೂ ಇಲ್ಲ.

ಹಾಗಿದ್ದರೆ ಸೂರ್ಯನ ಕೆಲಸವೇನು? ತಿರುಗಿಸುವುದು. ಭೂಮಿ ಒಂದು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ಮೆಜೆಸ್ಟಿಕ್‌ನಿಂದ ಬಿಡದಿಯ ಆಸುಪಾಸಿಗೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಅದೇ ಒಂದು ಸೆಕೆಂಡಿನಲ್ಲಿ ಅದು ತನ್ನ ನೆಟ್ಟನೆಯ ದಾರಿ ಬಿಟ್ಟು ಸೂರ್ಯನ ಕಡೆಗೆ ಬೀಳುವುದು ಎಷ್ಟು ಗೊತ್ತೇ? ಬರೀ 3 ಮಿಲಿಮೀಟರ್. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. 30 ಕಿಲೋಮೀಟರ್ ಓಟಕ್ಕೆ 3 ಮಿಲಿಮೀಟರ್ ತಿರುವು. ಆ ತಿರುವು ಸೆಕೆಂಡು ಸೆಕೆಂಡಿಗೂ ಸೇರುತ್ತಾ ಹೋಗಿ ಒಂದು ವರ್ಷಕ್ಕೆ ಪೂರ್ತಿ ಒಂದು ಸುತ್ತು ಆಗುತ್ತದೆ. ಸೂರ್ಯನಿಗೆ ತೀರಾ ಹತ್ತಿರವಿರುವ ಬುಧ ಸೆಕೆಂಡಿಗೆ ಸುಮಾರು 2 ಸೆಂಟಿಮೀಟರ್ ಬೀಳುತ್ತದೆ, ಅದಕ್ಕೇ 88 ದಿನದಲ್ಲಿ ಸುತ್ತು ಮುಗಿಸುತ್ತದೆ. ಗುರು ಬೀಳುವುದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದಕ್ಕೆ ಸುಮಾರು 12 ವರ್ಷ ಬೇಕು. ಕೊನೆಯ ನೆಪ್ಚೂನ್ ಬೀಳುವುದು ಮಿಲಿಮೀಟರಿನ ಮುನ್ನೂರನೇ ಒಂದು ಭಾಗ ಮಾತ್ರ, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅದರ ಒಂದು ಸುತ್ತಿಗೆ 165 ವರ್ಷ. ಎಷ್ಟು ದೂರವೋ ಅಷ್ಟು ಸಣ್ಣ ತಿರುವು, ಅಷ್ಟು ಉದ್ದದ ವರ್ಷ.

ಚಂದ್ರನ ಲೆಕ್ಕ ಇನ್ನೂ ಚೆಂದ. ತೆಂಗಿನಕಾಯಿ ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ಅಳೆದರೆ ಚಂದ್ರ ಆ ತೆಂಗಿನಕಾಯಿಗಿಂತ 60 ಪಟ್ಟು ದೂರ. ದೂರ 60 ಪಟ್ಟು ಆದರೆ ಸೆಳೆತ 60 ಗುಣಿಸು 60, ಅಂದರೆ 3600 ಪಟ್ಟು ಕಡಿಮೆ. 4.9 ಮೀಟರನ್ನು 3600ರಿಂದ ಭಾಗಿಸಿ. 1.36 ಮಿಲಿಮೀಟರ್ ಬರುತ್ತದೆ. ಇನ್ನೊಂದು ಕಡೆಯಿಂದ, ಚಂದ್ರ ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಓಡುತ್ತಾ ಈ ದೊಡ್ಡ ವೃತ್ತದಲ್ಲಿ ಉಳಿಯಬೇಕಾದರೆ ಎಷ್ಟು ತಿರುಗಬೇಕು ಅಂತ ಲೆಕ್ಕ ಹಾಕಿ. ಅಲ್ಲಿಯೂ ಅದೇ 1.36 ಮಿಲಿಮೀಟರ್! ತೆಂಗಿನಕಾಯಿಯನ್ನು ಎಳೆಯುವುದೂ ಚಂದ್ರನನ್ನು ಎಳೆಯುವುದೂ ಒಂದೇ ಬಲ. ಮಕ್ಕಳು ಇವತ್ತೇ ಕ್ಯಾಲ್ಕುಲೇಟರಿನಲ್ಲಿ ಈ ಭಾಗಾಕಾರ ಮಾಡಿ ನೋಡಬೇಕು, ಕೇಳಿ ಬಿಟ್ಟರೆ ಆಗಲಿಲ್ಲ.

ಈಗ ಕೈಯಾರೆ ಮಾಡುವ ಒಂದು ಪ್ರಯೋಗ. ಖಾಲಿ ಬಾಲ್ ಪೆನ್ನು ತೆಗೆದುಕೊಳ್ಳಿ. ರೀಫಿಲ್, ಮುಚ್ಚಳ, ಹಿಂದಿನ ಬಿರಡೆ ಎಲ್ಲ ತೆಗೆದರೆ ಕೊಳವೆ ಮಾತ್ರ ಉಳಿಯುತ್ತದೆ. ಒಂದೂಕಾಲು ಮೀಟರ್ ಉದ್ದದ ದಾರವನ್ನು ಅದರೊಳಗೆ ತೂರಿಸಿ. ಮೇಲಿನ ತುದಿಗೆ ಪೆನ್ಸಿಲ್ ಅಳಿಸುವ ರಬ್ಬರ್ ಕಟ್ಟಿ, ಸುಮಾರು 10 ಗ್ರಾಂ ಇದ್ದರೆ ಸಾಕು. ಕೆಳಗಿನ ತುದಿಗೆ 50 ಗ್ರಾಂ ತೂಕದ ಸಣ್ಣ ಬೀಗ ಕಟ್ಟಿ. ರಬ್ಬರಿನ ಕಡೆ 40 ಸೆಂಟಿಮೀಟರ್ ದಾರ ಹೊರಗೆ ಬಿಟ್ಟು, ಕೊಳವೆಯ ಕೆಳಬಾಯಿಯ ಹತ್ತಿರ ದಾರದ ಮೇಲೆ ಸ್ಕೆಚ್ ಪೆನ್ನಿನಿಂದ ಒಂದು ಗುರುತು ಹಾಕಿ. ಕೊಳವೆಯನ್ನು ನೆಟ್ಟಗೆ ಹಿಡಿದು ರಬ್ಬರನ್ನು ತಲೆಯ ಮೇಲೆ ಅಡ್ಡಲಾಗಿ ಬೀಸಿ. ಸೆಕೆಂಡಿಗೆ ಎರಡು ಸುತ್ತಿನ ಆಸುಪಾಸಿಗೆ ಬಂದಾಗ ಬೀಗವನ್ನು ಯಾರೂ ಹಿಡಿಯದಿದ್ದರೂ ಅದು ಗುರುತಿನ ಹತ್ತಿರ ನಿಂತುಬಿಡುತ್ತದೆ. ಬೀಗದ ತೂಕವೇ ದಾರದ ಮೂಲಕ ರಬ್ಬರನ್ನು ತಿರುಗಿಸುತ್ತಿದೆ. ಇಲ್ಲಿ ಬೀಗವೇ ಸೂರ್ಯನ ಸೆಳೆತ.

ಎಲ್ಲಿ ಕೆಡುತ್ತದೆ ಅಂದರೆ, ಹೊಲಿಗೆ ದಾರ ಬಳಸಿದರೆ ಕೊಳವೆಯ ಚೂಪು ಅಂಚಿಗೆ ಉಜ್ಜಿ ಕತ್ತರಿಸಿಹೋಗುತ್ತದೆ. ಮೀನಿನ ಗಾಳದ ನೈಲಾನ್ ದಾರ ಒಳ್ಳೆಯದು, ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿಕೊಳ್ಳಿ. ನೈಲಾನಿಗೆ ಒಂದೇ ಗಂಟು ಹಾಕಿದರೆ ಜಾರುತ್ತದೆ, ಎರಡು ಮೂರು ಹಾಕಿ. ರಬ್ಬರಿನ ಬದಲು ಕಲ್ಲು ಕಟ್ಟಬೇಡಿ, ಗಂಟು ಬಿಚ್ಚಿದರೆ ಯಾರದಾದರೂ ಕಣ್ಣಿಗೆ ಬಡಿಯುತ್ತದೆ. ಮನೆಯೊಳಗೆ ಬೇಡ, ತಾರಸಿಯಲ್ಲಿ ಮಾಡಿ.

ರಬ್ಬರ್ ತಿರುಗುತ್ತಿರುವಾಗಲೇ ಬೀಗವನ್ನು ಹಿಡಿದು ಮೆಲ್ಲಗೆ 20 ಸೆಂಟಿಮೀಟರ್ ಕೆಳಕ್ಕೆ ಎಳೆಯಿರಿ. ರಬ್ಬರ್ ಅರ್ಧ ದೂರಕ್ಕೆ ಬರುತ್ತದೆ, ಅದರ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹತ್ತಿರ ಬಂದಾಗ ಜೋರು, ದೂರ ಹೋದಾಗ ನಿಧಾನ. ಗ್ರಹಗಳೂ ಹೀಗೆಯೇ ಅಂತ ಖಗೋಳಶಾಸ್ತ್ರಜ್ಞ ಕೆಪ್ಲರ್ 1609ರಲ್ಲಿ ಹೇಳಿದ. ಇದು ನಮ್ಮ ಮನೆಯ ಪಂಚಾಂಗದಲ್ಲೇ ಇದೆ. ಬೆಳಗಿನ ಜಾವ ಹುಗ್ಗಿ ನೈವೇದ್ಯ ಮಾಡುವ ಧನುರ್ಮಾಸ ಎಷ್ಟು ದಿನ? 29 ದಿನ, ಮೇಲೆ ಕೆಲವು ಗಂಟೆ. ಜೂನ್ ನಡುವಿನಿಂದ ಕರ್ಕ ಸಂಕ್ರಮಣದವರೆಗಿನ ಮಿಥುನ ಮಾಸ 31 ದಿನವನ್ನೂ ದಾಟುತ್ತದೆ. ಸೂರ್ಯ ಒಂದು ರಾಶಿಯನ್ನು ದಾಟುವ ಕಾಲವೇ ಒಂದು ಮಾಸ. ಎರಡೂ ರಾಶಿಗಳ ಅಗಲ ಒಂದೇ, 30 ಡಿಗ್ರಿ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ, ಜುಲೈಗಿಂತ 50 ಲಕ್ಷ ಕಿಲೋಮೀಟರ್ ಹತ್ತಿರ. ಹಾಗಾಗಿ ಜೋರಾಗಿ ಓಡುತ್ತದೆ, ಸೂರ್ಯ ರಾಶಿಯನ್ನು ಬೇಗ ದಾಟಿದ ಹಾಗೆ ಕಾಣುತ್ತದೆ. ಬೆಂಗಳೂರಿನಲ್ಲಿ ನಾವು ಸ್ವೆಟರ್ ಹಾಕಿಕೊಳ್ಳುವ ದಿನಗಳಲ್ಲೇ ಸೂರ್ಯ ನಮಗೆ ಹತ್ತಿರ. ಬೇಸಿಗೆ ಚಳಿಗಾಲಗಳಿಗೆ ಕಾರಣ ಭೂಮಿಯ ಅಕ್ಷದ ವಾಲುವಿಕೆ, ದೂರವಲ್ಲ.

ದಾರ ಬಿಟ್ಟರೆ ಏನಾಗುತ್ತದೆ? ಕೊಳವೆ ಬೇಡ, ಬರೀ ದಾರ ಹಿಡಿದು ಬೀಸಿ, ರಬ್ಬರ್ ನಿಮ್ಮ ಎದುರಿಗೆ ಬಂದ ಗಳಿಗೆಯಲ್ಲಿ ಬಿಟ್ಟುಬಿಡಿ. ಅದು ಎದುರಿಗೆ ಹೋಗುವುದಿಲ್ಲ! ಎಡಕ್ಕೋ ಬಲಕ್ಕೋ, ಆ ಗಳಿಗೆಯಲ್ಲಿ ಯಾವ ಕಡೆ ಓಡುತ್ತಿತ್ತೋ ಆ ಕಡೆಗೆ ನೆಟ್ಟಗೆ ಹೋಗುತ್ತದೆ. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವವರಿಗೆ ಇದು ಕೈಗೇ ಗೊತ್ತು. ಹೊರಕ್ಕೆ ತಳ್ಳುವ ಬಲ ಅಂತ ಯಾವುದೂ ಇಲ್ಲ, ದಯವಿಟ್ಟು ಇನ್ನು ಮುಂದೆ ಹಾಗೆ ಹೇಳಬೇಡಿ. ಹಾಗೆಯೇ ಬಾಹ್ಯಾಕಾಶದಲ್ಲಿ ಗುರುತ್ವವಿಲ್ಲ ಅನ್ನುವ ಮಾತನ್ನೂ ಬಿಡಿ. ಬಾಹ್ಯಾಕಾಶ ನಿಲ್ದಾಣ ಇರುವ 400 ಕಿಲೋಮೀಟರ್ ಎತ್ತರದಲ್ಲಿ ಇಲ್ಲಿನ ಗುರುತ್ವದ ಹತ್ತರಲ್ಲಿ ಒಂಬತ್ತು ಭಾಗ ಇದ್ದೇ ಇದೆ. ನಿಲ್ದಾಣವೂ ಒಳಗಿನ ಯಾತ್ರಿಗಳೂ ಒಟ್ಟಿಗೆ ಬೀಳುತ್ತಿರುವುದರಿಂದ ತೇಲಿದ ಹಾಗೆ ಕಾಣುತ್ತದೆ.

ಈ ತಿರುವಿನ ಲೆಕ್ಕ ಲೋಕಕ್ಕೆ ಸಿಕ್ಕ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

1684ರ ಜನವರಿ. ಲಂಡನ್ನಿನಲ್ಲಿ ಮೂವರು ವಿದ್ವಾಂಸರು ಮಾತಿಗೆ ಕೂತಿದ್ದರು: ಕ್ರಿಸ್ಟೋಫರ್ ರೆನ್, ರಾಬರ್ಟ್ ಹುಕ್, ಎಡ್ಮಂಡ್ ಹ್ಯಾಲಿ. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಅನ್ನುವ ಊಹೆ ಮೂವರಿಗೂ ಇತ್ತು. ಅಂಥ ಸೆಳೆತದಲ್ಲಿ ಗ್ರಹದ ದಾರಿ ಯಾವ ಆಕಾರ ತಳೆಯುತ್ತದೆ? ಸಾಧಿಸಿ ತೋರಿಸುವುದು ಯಾರ ಕೈಲೂ ಆಗಲಿಲ್ಲ. ತನ್ನ ಹತ್ತಿರ ಉತ್ತರ ಇದೆ, ಸದ್ಯಕ್ಕೆ ಹೇಳುವುದಿಲ್ಲ ಅಂದ ಹುಕ್. ಎರಡು ತಿಂಗಳ ಗಡುವು, ಗೆದ್ದವರಿಗೆ 40 ಶಿಲ್ಲಿಂಗ್ ಬೆಲೆಯ ಪುಸ್ತಕ ಅಂತ ರೆನ್ ಪಂದ್ಯ ಕಟ್ಟಿದ. ಗಡುವು ಮುಗಿಯಿತು, ಯಾರೂ ಉತ್ತರ ತರಲಿಲ್ಲ.

ಹ್ಯಾಲಿಗಿನ್ನೂ ಮೂವತ್ತು ತುಂಬಿರಲಿಲ್ಲ. ಸುಮ್ಮನಿರುವ ಜಾಯಮಾನ ಅವನದಲ್ಲ. ಆಗಸ್ಟ್ ತಿಂಗಳಲ್ಲಿ ಕೇಂಬ್ರಿಡ್ಜಿಗೆ ಹೋಗಿ ನ್ಯೂಟನ್ನನ್ನೇ ಕೇಳಿದ. ನ್ಯೂಟನ್ ಕೂಡಲೇ ಹೇಳಿದ: ದೀರ್ಘವೃತ್ತ. ಅಂದರೆ ಸ್ವಲ್ಪ ಅದುಮಿದ ವೃತ್ತ. ಹೇಗೆ ಗೊತ್ತು ಅಂದರೆ, ಲೆಕ್ಕ ಹಾಕಿದ್ದೇನೆ ಅಂದ. ತೋರಿಸಿ ಅಂದರೆ, ಕಾಗದಗಳ ರಾಶಿಯಲ್ಲಿ ಹುಡುಕಿದರೂ ಹಾಳೆ ಸಿಗಲಿಲ್ಲ! ಜಗತ್ತಿನ ಅತಿ ದೊಡ್ಡ ಪ್ರಶ್ನೆಗೆ ಉತ್ತರ ಬರೆದು ಎಲ್ಲೋ ಇಟ್ಟು ಮರೆತಿದ್ದ. ಮತ್ತೆ ಬರೆದು ಕಳಿಸುತ್ತೇನೆ ಅಂದವನು ನವೆಂಬರಿನಲ್ಲಿ ಒಂಬತ್ತು ಪುಟ ಕಳಿಸಿದ. ಅದನ್ನು ಓದಿದ ಹ್ಯಾಲಿ ಮತ್ತೆ ಕೇಂಬ್ರಿಡ್ಜಿಗೆ ಓಡಿದ, ಬೆನ್ನು ಬಿಡದೆ ಬರೆಸಿದ. ಹಾಗೆ ಹುಟ್ಟಿದ್ದು 1687ರ ಪ್ರಿನ್ಸಿಪಿಯಾ ಎಂಬ ಪುಸ್ತಕ. ಅಚ್ಚು ಹಾಕಿಸಬೇಕಾದ ರಾಯಲ್ ಸೊಸೈಟಿ ಎಂಬ ಲಂಡನ್ನಿನ ವಿದ್ವಾಂಸರ ಸಂಘದ ಹಣವೆಲ್ಲ ಮೀನುಗಳ ಬಗೆಗಿನ ಒಂದು ದೊಡ್ಡ ಚಿತ್ರಪುಸ್ತಕಕ್ಕೆ ಖರ್ಚಾಗಿತ್ತು, ಅದು ಮಾರಾಟವಾಗಲಿಲ್ಲ. ಹ್ಯಾಲಿ ತನ್ನ ಕೈಯಿಂದ ದುಡ್ಡು ಹಾಕಿ, ಕರಡು ತಿದ್ದಿ ಪ್ರಿನ್ಸಿಪಿಯಾ ಹೊರತಂದ. ಸೊಸೈಟಿಯಲ್ಲೇ ಗುಮಾಸ್ತನಾಗಿದ್ದ ಅವನ ಸಂಬಳದ ಬಾಬ್ತಿಗೆ ಸೊಸೈಟಿ ಕೊಟ್ಟದ್ದು ಮಾರಾಟವಾಗದೆ ಉಳಿದ ಮೀನಿನ ಪುಸ್ತಕದ ಪ್ರತಿಗಳನ್ನು.

ಇಷ್ಟಕ್ಕೆ ಮುಗಿಯಲಿಲ್ಲ. ಅದೇ ನಿಯಮ ಹಿಡಿದು ಹ್ಯಾಲಿ ಹಳೆಯ ಧೂಮಕೇತುಗಳ ದಾರಿ ಲೆಕ್ಕ ಹಾಕಿದ. 1531, 1607, 1682ರಲ್ಲಿ ಬಂದದ್ದು ಮೂರಲ್ಲ, ಒಂದೇ, 1758ರ ಕೊನೆಗೆ ಮತ್ತೆ ಬರುತ್ತದೆ ಅಂದ. 1742ರಲ್ಲಿ ತೀರಿಕೊಂಡ. ಫ್ರಾನ್ಸಿನಲ್ಲಿ ಕ್ಲೇರೋ, ಲಲಾಂಡ್ ಮತ್ತು ನಿಕೋಲ್ ಲೆಪೋತ್ ಎಂಬ ಹೆಣ್ಣುಮಗಳು ತಿಂಗಳುಗಟ್ಟಲೆ ಕೂತು, ಗುರು ಮತ್ತು ಶನಿ ದಾರಿಯಲ್ಲಿ ಅದನ್ನು ಎಷ್ಟು ತಿರುಗಿಸುತ್ತವೆ ಅಂತ ಕೈಯಲ್ಲೇ ಲೆಕ್ಕ ಹಾಕಿದರು. ಸೂರ್ಯನ ಹತ್ತಿರಕ್ಕೆ ಬರುವುದು ತಡವಾಗುತ್ತದೆ, 1759ರ ಏಪ್ರಿಲ್ ನಡುವೆ ಅಂದರು. 1758ರ ಡಿಸೆಂಬರ್ 25ರ ರಾತ್ರಿ ಡ್ರೆಸ್ಡೆನ್ ಹತ್ತಿರದ ಒಬ್ಬ ಬೇಸಾಯಗಾರನ ದೂರದರ್ಶಕದಲ್ಲಿ ಅದು ಕಂಡಿತು. ಸೂರ್ಯನ ಹತ್ತಿರ ಬಂದದ್ದು ಮಾರ್ಚ್ 13. 76 ವರ್ಷದ ಪಯಣದಲ್ಲಿ ಒಂದೇ ತಿಂಗಳ ವ್ಯತ್ಯಾಸ!

ಕಥೆ ಉದ್ದವಾಯಿತು, ಹೊತ್ತು ಕಡಿಮೆ ಇದೆ. ಇದೇ ಲೆಕ್ಕದಿಂದ ನಮ್ಮ ಪೀಣ್ಯದಲ್ಲಿ ಕೂತು ಇಸ್ರೊದವರು ಮಂಗಳಯಾನ ನಡೆಸಿದರು. 2013ರ ಡಿಸೆಂಬರ್ 1ರಂದು, ನಡುರಾತ್ರಿ ದಾಟಿದ ಮೇಲೆ, ಎಂಜಿನ್ ಸುಮಾರು 22 ನಿಮಿಷ ಉರಿಯಿತು. ಆಮೇಲೆ ಸುಮಾರು 300 ದಿನ, 60 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರ, ದಾರಿ ತಿದ್ದುವ ಸಣ್ಣಪುಟ್ಟ ಉರಿತ ಬಿಟ್ಟರೆ ಎಂಜಿನ್ ಆರಿಯೇ ಇತ್ತು. ಯಾಕೆ? ಓಟಕ್ಕೆ ಬಲ ಬೇಡ. 2014ರ ಸೆಪ್ಟೆಂಬರ್ 24ರಂದು ಮತ್ತೆ 23 ನಿಮಿಷ ಉರಿದದ್ದು ವೇಗ ತಗ್ಗಿಸುವುದಕ್ಕೆ, ಇಲ್ಲದಿದ್ದರೆ ನೌಕೆ ಮಂಗಳವನ್ನು ದಾಟಿ ಹೋಗಿಬಿಡುತ್ತಿತ್ತು. ಇನ್ನು ನ್ಯೂಟನ್ನನ ಮೂರನೇ ನಿಯಮ. ಎಂಜಿನ್ ಅನಿಲವನ್ನು ಒಂದು ಕಡೆ ಎಸೆಯುತ್ತದೆ, ಅನಿಲ ನೌಕೆಯನ್ನು ಇನ್ನೊಂದು ಕಡೆ ತಳ್ಳುತ್ತದೆ. ಹೀಗೆ ತಳ್ಳಲು ಸುತ್ತ ಗಾಳಿ ಬೇಕಿಲ್ಲ.

ಹ್ಯಾಲಿಯ ಧೂಮಕೇತು 1986ರಲ್ಲಿ ಬಂದುಹೋಯಿತು. ನೆಪ್ಚೂನ್ ಆಚೆಗೆ ಹೋಗಿ, 2023ರ ಡಿಸೆಂಬರಿನಲ್ಲಿ ತನ್ನ ದಾರಿಯ ಕಟ್ಟಕಡೆಯ ತಿರುವು ಮುಟ್ಟಿತು. ಅಲ್ಲಿ ಅದರ ವೇಗ ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಕಡಿಮೆ. ಈಗ ವಾಪಸ್ ಬೀಳಲು ಶುರುಮಾಡಿದೆ, ದಿನದಿನಕ್ಕೆ ಜೋರಾಗುತ್ತಿದೆ. 2061ರ ಜುಲೈ ಕೊನೆಯಲ್ಲಿ ಸೂರ್ಯನನ್ನು ಬಳಸುವಾಗ ಸೆಕೆಂಡಿಗೆ 54 ಕಿಲೋಮೀಟರ್ ವೇಗದಲ್ಲಿರುತ್ತದೆ. ಇವತ್ತು ಇದನ್ನು ಕೇಳಿದ ಮಕ್ಕಳು ಅದನ್ನು ನೋಡುತ್ತೀರಿ. ನಮಸ್ಕಾರ.