ಸ್ಟೀರಿಂಗ್ ಭಾರವಾದರೆ ಮೊದಲು ಬ್ಯಾಟರಿ ನೋಡಿ

ಕೇಳುಗರಿಗೆ ನಮಸ್ಕಾರ.

ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ಚಕ್ರದ ಚಿತ್ರ, ಪಕ್ಕದಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ, ಇಲ್ಲವೇ ಬರೀ ಇಪಿಎಸ್ ಎಂಬ ಮೂರಕ್ಷರ. ಇಪಿಎಸ್ ಅಂದರೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಮೋಟಾರಿನ ನೆರವಿನಿಂದ ಸ್ಟೀರಿಂಗನ್ನು ಹಗುರ ಮಾಡುವ ವ್ಯವಸ್ಥೆ. ಈ ದೀಪ ಹತ್ತಿ ಸ್ಟೀರಿಂಗ್ ಭಾರವಾಯಿತೆಂದರೆ, ಎಷ್ಟೋ ಗ್ಯಾರೇಜುಗಳಲ್ಲಿ ಬರುವ ಮೊದಲ ಮಾತು ‘ಕಾಲಂ ಪೂರ್ತಿ ಬದಲಾಯಿಸಬೇಕು’ ಅಂತ. ಕಾಲಂ ಅಂದರೆ ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ದಂಡದ ಭಾಗ. ಮೋಟಾರು, ಸೆನ್ಸರು, ಕಂಟ್ರೋಲ್ ಯೂನಿಟ್ ಎಲ್ಲ ಒಂದೇ ಜೋಡಣೆಯಾಗಿ ಬರುವ ದುಬಾರಿ ಭಾಗ ಅದು. ಆ ಖರ್ಚಿಗೆ ತಲೆಯಾಡಿಸುವ ಮುಂಚೆ ಮಾಡಿಸಲೇಬೇಕಾದ ಪರೀಕ್ಷೆಗಳಿವೆ. ಅವುಗಳಲ್ಲಿ ಮುಖ್ಯವಾದದ್ದಕ್ಕೆ ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

ಅದಕ್ಕೂ ಮೊದಲು ಸುರಕ್ಷತೆಯ ಮಾತು. ಓಡುತ್ತಿರುವಾಗ ದೀಪ ಹತ್ತಿದರೆ ಗಾಬರಿಯಾಗಬೇಡಿ. ಚಕ್ರಕ್ಕೂ ನಿಮ್ಮ ಕೈಗೂ ನಡುವೆ ಉಕ್ಕಿನ ದಂಡ ಇದ್ದೇ ಇದೆ. ಹೋಗಿರುವುದು ಮೋಟಾರಿನ ನೆರವು ಮಾತ್ರ. ಎರಡೂ ಕೈಯಲ್ಲಿ ಹಿಡಿದು, ವೇಗ ಇಳಿಸಿ, ಪಕ್ಕಕ್ಕೆ ನಿಲ್ಲಿಸಿ. ನಿಲ್ಲುವ ತನಕ ಕೀಲಿ ತಿರುಗಿಸಬೇಡಿ.

ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಕಾಲಂಗೆ ಮೋಟಾರು ಕೂರಿಸಿದ ಬಗೆ. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಕಾರಿನಲ್ಲಿ ಬಂದದ್ದೂ ಇದೇ. ಸ್ಟೀರಿಂಗ್ ದಂಡದ ಎರಡು ತುಂಡುಗಳ ನಡುವೆ ಟಾರ್ಷನ್ ಬಾರ್ ಎಂಬ ತೆಳು ಸರಳು ಇರುತ್ತದೆ. ನೀವು ತಿರುಗಿಸಿದಾಗ ಅದು ಕೊಂಚ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಟಾರ್ಕ್ ಸೆನ್ಸರ್ ಅಳೆಯುತ್ತದೆ, ಕಂಟ್ರೋಲ್ ಯೂನಿಟ್ ಕಾರಿನ ವೇಗವನ್ನೂ ನೋಡಿಕೊಂಡು ಮೋಟಾರಿಗೆ ಎಷ್ಟು ಕರೆಂಟ್ ಕೊಡಬೇಕೆಂದು ತೀರ್ಮಾನಿಸುತ್ತದೆ. ಎಣ್ಣೆ, ಪಂಪು, ಬೆಲ್ಟು ಯಾವುದೂ ಇಲ್ಲ. ಹಾಗಾಗಿ ಇಂಥ ಕಾರಿಗೆ ಸ್ಟೀರಿಂಗ್ ಆಯಿಲ್ ಹಾಕಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಹ್ಯಾಲೋಜನ್ ಹೆಡ್‌ಲೈಟ್ ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. ನಿಂತ ಕಾರಿನ ಚಕ್ರ ತಿರುಗಿಸುವಾಗ ಈ ಮೋಟಾರು ಎಳೆಯುವುದು ಹತ್ತಾರು ಆಂಪಿಯರ್. ಬ್ಯಾಟರಿ ಸೋತಿದ್ದರೆ, ತಂತಿ ಸಡಿಲಾಗಿದ್ದರೆ, ಅದರ ಪೆಟ್ಟು ಇಲ್ಲಿ ಬೇಗ ಕಾಣುತ್ತದೆ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಮೇಲೆ ಬ್ಯಾಟರಿಯಲ್ಲಿ 12.4ರಿಂದ 12.6 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಮೊದಲು ಪೂರ್ತಿ ಚಾರ್ಜ್ ಮಾಡಿ, ಮತ್ತೆ ಪರೀಕ್ಷಿಸಿ.

ಬ್ಯಾಟರಿ ಚೆನ್ನಾಗಿದೆ, ಆದರೂ ತೊಂದರೆ ಇದೆ ಎನ್ನುವಲ್ಲಿ ಬಹಳ ಜನ ಎಡವುತ್ತಾರೆ. ಕಂಟ್ರೋಲ್ ಯೂನಿಟ್ಟಿನ ತಂತಿಗೆ ಮೀಟರ್ ಹಿಡಿದು, 12.6 ವೋಲ್ಟ್ ಬರುತ್ತಿದೆ, ಸಪ್ಲೈ ಸರಿಯಿದೆ ಅಂದುಬಿಡುತ್ತಾರೆ. ಕರೆಂಟ್ ಹರಿಯದೇ ಇರುವಾಗ ತಂತಿಯ ಒಂದೇ ಎಳೆ ಉಳಿದಿದ್ದರೂ ಮೀಟರು 12.6 ತೋರಿಸುತ್ತದೆ. ಜೋಡಣೆಯಲ್ಲಿ ಓಮ್‌ನ ಇಪ್ಪತ್ತನೇ ಒಂದು ಭಾಗದಷ್ಟು ತಡೆ ಇದ್ದು, 40 ಆಂಪಿಯರ್ ಹರಿದರೆ, ಅಲ್ಲೇ 2 ವೋಲ್ಟ್ ಕಳೆದುಹೋಯಿತು. ಆದ್ದರಿಂದ ಪರೀಕ್ಷೆ ಮೋಟಾರು ಕೆಲಸ ಮಾಡುತ್ತಿರುವಾಗಲೇ ಆಗಬೇಕು.

ಎಂಜಿನ್ ಐಡಲ್‌ನಲ್ಲಿರಲಿ, ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಮೀಟರಿನ ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಕೆಂಪು ಮೊನೆಯನ್ನು ಸ್ಟೀರಿಂಗ್ ಯೂನಿಟ್ಟಿನ ಅರ್ಥ್ ತಂತಿಗೆ, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ತಂತಿಗೆ ಹಿಡಿಯಿರಿ. ಇನ್ನೊಬ್ಬರು ಕಾರಿನೊಳಗೆ ಕೂತು ನಿಂತಲ್ಲೇ ಸ್ಟೀರಿಂಗ್ ಆಚೆ ಈಚೆ ತಿರುಗಿಸಲಿ. ಮೀಟರು 0.2 ವೋಲ್ಟಿನ ಒಳಗೇ ಇದ್ದರೆ ಅರ್ಥ್ ಸರಿ. ತಿರುಗಿಸಿದಾಗೆಲ್ಲ ಅರ್ಧ ವೋಲ್ಟು, ಒಂದು ವೋಲ್ಟು ಎಂದು ಏರಿದರೆ ಕಾರಿನ ಲೋಹದ ಮೈಗೆ ಬಿಗಿದ ಅರ್ಥ್ ಬೋಲ್ಟನ್ನು ಬಿಚ್ಚಿ, ತುಕ್ಕು, ಬಣ್ಣ ಉಜ್ಜಿ ತೆಗೆದು, ಮತ್ತೆ ಬಿಗಿಯಿರಿ. ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ, ಬ್ಯಾಟರಿ ಕಂಬದಿಂದ ಯೂನಿಟ್ಟಿನ ದಪ್ಪ ತಂತಿಯವರೆಗೆ. ಅಲ್ಲಿ ಅರ್ಧ ವೋಲ್ಟ್ ದಾಟಬಾರದು. ದಾಟಿದರೆ ಬ್ಯಾಟರಿ ಹತ್ತಿರದ ದೊಡ್ಡ ಫ್ಯೂಸಿನ ಸ್ಕ್ರೂ ಸಡಿಲವೋ, ಕನೆಕ್ಟರಿನ ಪಿನ್ ಸುಟ್ಟಿದೆಯೋ ನೋಡಿ. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಈ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ತಂತಿ ಸುತ್ತಿ ಕೆಲಸ ಸಾಗಿಸುವುದು ಬೆಂಕಿಗೆ ದಾರಿ.

ಇನ್ನು ಸ್ಕ್ಯಾನರ್, ಅಂದರೆ ಕಾರಿನ ಕಂಟ್ರೋಲ್ ಯೂನಿಟ್ಟುಗಳು ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸಾಧನ. ಕಾರಿನ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಅಗ್ಗದ ರೀಡರುಗಳಲ್ಲಿ ಹಲವು ಎಂಜಿನ್ನಿನ ಪಿ ಕೋಡುಗಳನ್ನಷ್ಟೇ ಓದುತ್ತವೆ. ಸ್ಟೀರಿಂಗಿಗೆ ಚಾಸಿಯ ಸಿ ಕೋಡು ಮತ್ತು ಯೂನಿಟ್ಟುಗಳ ನಡುವಿನ ಸಂಪರ್ಕದ ಯು ಕೋಡು ಓದುವ ಸ್ಕ್ಯಾನರ್ ಬೇಕು. ಉದಾಹರಣೆಗೆ ಯು 0131 ಬಂದರೆ ಸ್ಟೀರಿಂಗ್ ಯೂನಿಟ್ಟಿನೊಂದಿಗೆ ಸಂಪರ್ಕವೇ ತಪ್ಪಿದೆ ಎಂದರ್ಥ. ಫ್ಯೂಸು, ಅರ್ಥ್, ತಂತಿ ನೋಡದೆ ಯೂನಿಟ್ ಬಿಚ್ಚಬಾರದು. ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್‌ನ ದೀಪವೂ ಜೊತೆಗೇ ಹತ್ತಿದ್ದರೆ ವೇಗದ ಸಂಕೇತ ಬರುತ್ತಿಲ್ಲವೆಂಬ ಅನುಮಾನ ಬರಲಿ. ದೋಷ ಚಕ್ರದ ಬಳಿಯ ಸೆನ್ಸರಿನಲ್ಲಿರಬಹುದು. ಕೋಡುಗಳನ್ನು ಬರೆದಿಟ್ಟುಕೊಂಡು, ಅಳಿಸಿ, ಕಾರು ಓಡಿಸಿ. ಮತ್ತೆ ಬಂದದ್ದೇ ಈಗಿನ ದೋಷ.

ಇಕ್ಕಟ್ಟಿನಲ್ಲಿ ಪಾರ್ಕ್ ಮಾಡುತ್ತ ಪದೇ ಪದೇ ಕೊನೆತನಕ ತಿರುಗಿಸಿ ಹಿಡಿದರೆ ಮೋಟಾರು ಬಿಸಿಯಾಗುತ್ತದೆ, ಯೂನಿಟ್ ತಾನಾಗಿ ನೆರವು ಕಡಿಮೆ ಮಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸರಿಹೋದರೆ ಅದು ದೋಷವಲ್ಲ, ರಕ್ಷಣೆ.

ದೀಪ ಹತ್ತಿಲ್ಲ, ಆದರೂ ಭಾರ ಎಂದಾದರೆ ಮೊದಲು ಟೈರಿನ ಗಾಳಿ ನೋಡಿ. ಆಮೇಲೆ ಮುಂಭಾಗವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕೈಯಿಂದ ತಿರುಗಿಸಿ. ಒಂದು ಸುತ್ತಿನಲ್ಲಿ ಎರಡು ಸಲ, ಅದದೇ ಜಾಗದಲ್ಲಿ ಬಿಗಿಯಾದರೆ ಕಾಲಂ ಕೆಳಗಿನ ಯೂನಿವರ್ಸಲ್ ಜಾಯಿಂಟ್, ಅಂದರೆ ದಂಡ ಓರೆಯಾಗಿ ಸೇರುವ ಕೀಲು, ತುಕ್ಕು ಹಿಡಿದಿರಬಹುದು. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮರಳದಿದ್ದರೆ ಮುಂದಿನ ಸಸ್ಪೆನ್ಷನ್ನಿನ ಕಂಬವಾದ ಸ್ಟ್ರಟ್ಟಿನ ಮೇಲಿನ ಬೇರಿಂಗ್ ಪರೀಕ್ಷಿಸಿ.

ಹಳೆಯ ಹುಂಡೈ, ಕಿಯಾ ಕಾರುಗಳಲ್ಲಿ ನಿಂತಲ್ಲೇ ಸ್ವಲ್ಪ ಆಚೀಚೆ ಆಡಿಸಿದಾಗ ಟಕ್ ಟಕ್ ಸದ್ದು ಬರುವುದುಂಟು. ಮೋಟಾರಿಗೂ ಅದರ ಬಲವನ್ನು ದಂಡಕ್ಕೆ ದಾಟಿಸುವ ವರ್ಮ್ ಗೇರಿಗೂ ನಡುವೆ ನಕ್ಷತ್ರದಾಕಾರದ ಪುಟ್ಟ ರಬ್ಬರ್ ಕಪ್ಲಿಂಗ್ ಇದೆ. ಅದು ಸವೆದು ಪುಡಿಯಾಗಿರುತ್ತದೆ. ಮೋಟಾರು ಬಿಚ್ಚಿದರೆ ಒಳಗೆ ಕಪ್ಪು ಚೂರುಗಳು ಸಿಗುತ್ತವೆ. ಆ ರಬ್ಬರ್ ಮಾತ್ರ ಬದಲಾಯಿಸಿದರೆ ಸಾಕು, ಕಾಲಂ ಬೇಡ.

ಕಾಲಂ ಬಿಚ್ಚಲೇಬೇಕಾದರೆ ಏರ್‌ಬ್ಯಾಗ್ ನೆನಪಿರಲಿ. ಚಕ್ರ ನೇರ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಕಂಪನಿ ಕೈಪಿಡಿ ಹೇಳಿದಷ್ಟು ಹೊತ್ತು, ಕನಿಷ್ಠ 3 ನಿಮಿಷವಾದರೂ ಕಾಯಿರಿ. ಸ್ಟೀರಿಂಗ್ ಸುತ್ತದಂತೆ ಕಟ್ಟಿಡಿ, ಇಲ್ಲದಿದ್ದರೆ ಏರ್‌ಬ್ಯಾಗಿಗೆ ಸಂಪರ್ಕ ಕೊಡುವ ಸುರುಳಿ ಪಟ್ಟಿ, ಅಂದರೆ ಕ್ಲಾಕ್ ಸ್ಪ್ರಿಂಗ್, ಹರಿಯಬಹುದು. ಜೋಡಣೆಯ ಜಾಗಕ್ಕೆ ಬಣ್ಣದ ಗುರುತು ಹಾಕಿಕೊಳ್ಳಿ.

ಮರುಜೋಡಿಸಿದ ಮೇಲೆ ಸ್ಕ್ಯಾನರಿನಿಂದ ಟಾರ್ಕ್ ಸೆನ್ಸರಿನ ಸೊನ್ನೆ ಬಿಂದುವನ್ನು ಹೊಂದಿಸಬೇಕು. ಚಕ್ರ ನೇರ, ಕೈ ಸ್ಟೀರಿಂಗ್ ಮೇಲೆ ಇರಲೇಕೂಡದು. ಇದನ್ನು ಬಿಟ್ಟರೆ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ ಆಗುತ್ತದೆ. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ, ಎಡಕ್ಕೂ ಬಲಕ್ಕೂ ಒಂದೇ ಬಲ ಸಾಲುತ್ತದೆಯೇ, ಎರಡೂ ಕಡೆಯಿಂದ ಸಮವಾಗಿ ಮರಳುತ್ತದೆಯೇ ನೋಡಿ. ಸ್ಟೀರಿಂಗ್ ತಾನೇ ತಾನಾಗಿ ಒಂದು ಕಡೆಗೆ ಎಳೆದರೆ ಕಾರನ್ನು ರಸ್ತೆಗೆ ಇಳಿಸಬೇಡಿ. ಟೋ ಮಾಡಿಸಿಯೇ ವರ್ಕ್‌ಶಾಪಿಗೆ ಒಯ್ಯಿರಿ.

ನಮಸ್ಕಾರ.